ಟೈಗರ್ ಸಲಮಾಂಡರ್‌ಗೆ ಯಾವ ಹಾಸು? ಕೊಕೊಪೀಟ್, ಮಣ್ಣು, ಪಾಚಿ, ಟಿಶ್ಯೂ

ಟೈಗರ್ ಸಲಮಾಂಡರ್ (ನೋಡಲು ಹಲ್ಲಿಯಂತಿರುವ, ಕಪ್ಪೆಯಂಥದೇ ಉಭಯಚರ) ಸಾಕುವವರು ಗಾಜಿನ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು, ಲೈಟು ಬೇಕಾ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಮೊದಲು ಕೇಳುವುದು ಹಾಸಿನ ಬಗ್ಗೆ, ಅಂದರೆ ಪೆಟ್ಟಿಗೆಯ ತಳಕ್ಕೆ ಏನು ಹಾಕಿದ್ದೀರಿ ಅಂತ. ಇದು ಬಿಲದ ಪ್ರಾಣಿ, ಹಗಲೆಲ್ಲ ನೆಲದೊಳಗೇ ಇರುತ್ತದೆ. ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರಿಕೊಳ್ಳುತ್ತದೆ. ಹಾಸಿನಲ್ಲಿ ಉಪ್ಪು, ಗೊಬ್ಬರ ಏನಿದ್ದರೂ ಮೈಗೆ ತಾಗುತ್ತದೆ. ಇಲ್ಲಿ ಅಮೆರಿಕದ ಓಹಿಯೊದ ನಮ್ಮ ಮನೆಯಲ್ಲಿ ನಾಲ್ಕು ಬಗೆ ಹಾಕಿ ನೋಡಿದ್ದೇನೆ.

ಎಲ್ಲ ಪೆಟ್ ಅಂಗಡಿಯಲ್ಲೂ ಸಿಗುವುದು ಕೊಕೊಪೀಟ್, ಅಂದರೆ ತೆಂಗಿನ ಸಿಪ್ಪೆಯ ಪುಡಿ. ತಿಪಟೂರಿನ ಕಡೆ ತೆಂಗಿನ ಸಿಪ್ಪೆಯ ರಾಶಿ ನೋಡಿ ಬೆಳೆದವರಿಗೆ ಅದಕ್ಕೆ ಡಾಲರ್ ಎಣಿಸುವಾಗ ನಗು ಬರುತ್ತದೆ, ಅಲ್ವಾ? ಹಗುರ, ತೇವ ಚೆನ್ನಾಗಿ ಹಿಡಿಯುತ್ತದೆ. ಆದರೆ ಬಿಲ ನಿಲ್ಲುವುದಿಲ್ಲ, ತೋಡಿದಷ್ಟೂ ಕುಸಿಯುತ್ತದೆ. ಒಣಗಿದರೆ ಪುಡಿ ಮೈಗೆಲ್ಲ ಮೆತ್ತಿಕೊಳ್ಳುತ್ತದೆ. ಕೆಲವದರಲ್ಲಿ ಉಪ್ಪಿನ ಅಂಶ ಉಳಿದಿರುವುದರಿಂದ ತೊಳೆದು ಹಿಂಡಿಯೇ ಹಾಕಬೇಕು.

ನನ್ನ ವೋಟು ಮಣ್ಣಿಗೆ. ತೋಟದ ಅಂಗಡಿಯಲ್ಲಿ ಚೀಲದಲ್ಲಿ ಬರುವ ಬರೀ ಮೇಲ್ಮಣ್ಣು ಸಾಕು, ಕೊಕೊಪೀಟ್‌ಗಿಂತ ಅಗ್ಗ. ಚೀಟಿ ಓದಿ ತನ್ನಿ: ಗೊಬ್ಬರ, ಪರ್ಲೈಟ್ (ಕುಂಡದ ಮಣ್ಣಿಗೆ ಬೆರೆಸುವ ಹಗುರ ಬಿಳಿ ಹರಳು), ಕೀಟನಾಶಕ ಇರಬಾರದು. ಎರಡು ಪಾಲು ಮಣ್ಣಿಗೆ ಒಂದು ಪಾಲು ಕೊಕೊಪೀಟ್ ಬೆರೆಸಿ 10ರಿಂದ 15 ಸೆಂ.ಮೀ. ಆಳ ತುಂಬುತ್ತೇನೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನೀರನ್ನು ಒಂದೇ ಮೂಲೆಗೆ ಹಾಕುತ್ತೇನೆ. ಒಂದು ಕಡೆ ಒದ್ದೆ, ಇನ್ನೊಂದು ಕಡೆ ಸ್ವಲ್ಪ ಒಣ. ತನಗೆ ಬೇಕಾದ್ದನ್ನು ಅದೇ ಆರಿಸಿಕೊಳ್ಳುತ್ತದೆ. ಈ ಮಣ್ಣಿನಲ್ಲಿ ತೋಡಿದ ಬಿಲ ವಾರಗಟ್ಟಲೆ ಹಾಗೇ ಉಳಿಯಿತು. ಸಂಜೆಯಾದರೆ ಬಿಲದ ಬಾಗಿಲಲ್ಲಿ ಬರೀ ಮುಖ ಕಾಣುತ್ತದೆ, ಎರೆಹುಳಕ್ಕೆ ಕಾಯುತ್ತಾ. ತೊಂದರೆ ಅಂದರೆ ಭಾರ. ತುಂಬಿದ ಪೆಟ್ಟಿಗೆಯನ್ನು ಒಬ್ಬರೇ ಎತ್ತಲಾಗದು. ಆಗಾಗ ಸಣ್ಣ ನೊಣಗಳೂ ಏಳುತ್ತವೆ.

ಸ್ಫ್ಯಾಗ್ನಮ್ ಪಾಚಿ (ನೀರು ಹಿಡಿದಿಡುವ ಮೆತ್ತನೆಯ ಹಾವಸೆ) ಪೂರ್ತಿ ಹಾಸಾಗಿ ಬೇಡ. ಒದ್ದೆ ಮೂಲೆಯ ಮೇಲೆ ಒಂದು ಹಿಡಿ ಹಾಕಿದರೆ ಸರಿ.

ಟಿಶ್ಯೂ ಪೇಪರ್ ನೋಡಲು ಚಂದವಿಲ್ಲ. ಆದರೆ ಹೊಸದಾಗಿ ತಂದ ಅಥವಾ ಹುಷಾರಿಲ್ಲದ ಪ್ರಾಣಿಗೆ ಮಣ್ಣಿಗಿಂತ ಇದೇ ಮೇಲು. ಬಣ್ಣ, ವಾಸನೆ ಇಲ್ಲದ್ದು ಇರಲಿ. ಮಲ, ಗಾಯ ಎಲ್ಲ ಕಾಣುತ್ತದೆ. ದಿನಾ ಬದಲಿಸಬೇಕು, ಇಲ್ಲದಿದ್ದರೆ ಗಲೀಜಿನ ಅಮೋನಿಯಾ ಚರ್ಮ ಸುಡುತ್ತದೆ.

ಜಲ್ಲಿಕಲ್ಲನ್ನು ನಾನು ಹಾಕಿಯೇ ಇಲ್ಲ. ಹುಳದ ಜೊತೆ ಕಲ್ಲು ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ.

ಯಾವ ಹಾಸಾದರೂ ಸೆಖೆಗೆ ಮದ್ದಲ್ಲ. 15ರಿಂದ 20 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು, 24 ದಾಟಿದರೆ ಒದ್ದಾಟ. ಅದಕ್ಕೇ ನಮ್ಮದು ಬೇಸ್‌ಮೆಂಟಿನಲ್ಲಿದೆ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ಬಳಸಿ. ಇಲ್ಲಿ ಎಷ್ಟೋ ಊರುಗಳಲ್ಲಿ ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿದ ರಾಸಾಯನಿಕ) ಬೆರೆಸುತ್ತಾರೆ, ಸುಮ್ನೆ ರಾತ್ರಿಯಿಡೀ ಬಕೆಟ್ಟಿನಲ್ಲಿಟ್ಟರೆ ಅದು ಹೋಗುವುದಿಲ್ಲ. ಮಣ್ಣಿನಲ್ಲಿ ಕಂಡ ಗಲೀಜನ್ನು ಆಗಾಗ ಚಮಚದಲ್ಲಿ ತೆಗೆಯಿರಿ. ಹುಳಿ ವಾಸನೆ ಬಂದ ದಿನ ಪೂರ್ತಿ ಬದಲಿಸಿ.