ಮಗಳಿಗೆ ಹುಲಿಗೆಮ್ಮನೋ, ಹಂಪಮ್ಮನೋ?

ಕೊಪ್ಪಳದ ಮನೆಗೆ ಬಂದ ಮಗುವಿಗೆ ಯಾವ ಅಜ್ಜಿಯ ಹೆಸರು ಇಡೋದು ಅಂತ ಕೇಳಿದ್ದೀರಿ. ಎರಡೂ ತುಂಗಭದ್ರೆ ದಂಡೆಯ ದೇವತೆಯರ ಹೆಸರೇ. ಹುಲಿಗೆಮ್ಮ ಮುನಿರಾಬಾದ್ ಹತ್ತಿರದ ಹುಲಿಗಿಯ ದೇವಿ. ಅಲ್ಲಿ ಹರಕೆ ಹೊತ್ತಿದ್ದರೆ ಬೇರೆ ಯೋಚನೆಯೇ ಬೇಡ. ಹಂಪಮ್ಮ ಅಂದ್ರೆ ವಿರೂಪಾಕ್ಷನ ಮಡದಿ ಪಂಪಾದೇವಿ. ನದಿಗೂ ಪಂಪಾ ಅನ್ನೋ ಹಳೆ ಹೆಸರಿದೆ.

ಹಿಂದೆ ಓಣಿಗೊಬ್ಬರು ಹುಲಿಗೆಮ್ಮ ಇರುತ್ತಿದ್ದರು. ‘ಅಮ್ಮ’ ಸೇರಿದ ಹೆಸರು ಈಗಿನ ತೊಟ್ಟಿಲಲ್ಲಿ ಕಡಿಮೆ. ಪರ ಊರಿನ ಶಾಲೆ, ಕೆಲಸದ ಚಿಂತೆ ಜಾಸ್ತಿ ಇದ್ದರೆ ಹಂಪಮ್ಮ ಸಲೀಸು: ದಾಖಲೆಯಲ್ಲಿ ‘ಪಂಪಾ’ ಅಂತ ಬರೆಸಬಹುದು. ಹುಲಿಗೆಮ್ಮನನ್ನು ಮಾತ್ರ ಮೊಟಕು ಮಾಡಬೇಡಿ, ಪೂರ್ತಿ ಹೆಸರಲ್ಲೇ ಅದರ ಗತ್ತು.

ಅತ್ತೆಯ ಹೆಸರು ಹಿಡಿದು ಮಗುವನ್ನು ಗದರಲು ಸೊಸೆಗೆ ಬಾಯಿ ಬರಲ್ಲ, ಅಲ್ವಾ? ಹಾಗಿದ್ದರೆ ಯಾವುದನ್ನೇ ಇಟ್ಟರೂ ಮನೆಯಲ್ಲಿ ‘ಅವ್ವಿ’ ಅಂತ ಕರೆಯಿರಿ.