ಪ್ಲಾಸ್ಟಿಕ್ ಮುಂಡವೋ, ಬಾಟಲಿ ಬಲೂನೋ? ದೇಹದ ಪಾಠಕ್ಕೆ ನಾನು ಬಳಸಿ ನೋಡಿದ್ದು

ನಮ್ಮ ವಿಜ್ಞಾನದ ಕೋಣೆಯ ಬೀರುವಿನ ಮೇಲೆ ಒಂದು ಪ್ಲಾಸ್ಟಿಕ್ ಮುಂಡ ಕೂತಿದೆ. ಕೈಕಾಲಿಲ್ಲ, ಅರ್ಧ ಮುಖಕ್ಕೆ ಚರ್ಮವಿಲ್ಲ, ಎದೆಯ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಅದರ ಲಿವರ್ ನನ್ನ ಮೇಜಿನ ಡ್ರಾಯರಿನಲ್ಲಿದೆ. ವಿಜ್ಞಾನದ ಸಾಮಾನಿಗೆಂದು ಆ ವರ್ಷ ಸಿಕ್ಕ ದುಡ್ಡೆಲ್ಲ ಇದೊಂದಕ್ಕೇ ಹೋಯಿತು. ತರಿಸಿದ್ದು ನಾನೇ. ಹಾಗಾಗಿ ಬೈಯುವ ಹಕ್ಕೂ ನನ್ನದೇ.

ಮುಂಡ ಕೈಕೊಟ್ಟ ಮೇಲೆ ಗೋಡೆಯ ಚಾರ್ಟು, ಫೋನಿನ ಆ್ಯಪ್, ಕೊನೆಗೆ ಬಾಟಲಿ, ಬಲೂನು, ಹಗ್ಗ, ರಬ್ಬರ್ ಕೊಳವೆ ಹೀಗೆ ಒಂದೊಂದನ್ನೇ ಬಳಸಿ ನೋಡಿದೆ. ನನ್ನ ಓಟು ಆ ಕೊನೆಯ ಗುಂಪಿಗೆ. ಮುಚ್ಚಿಡುವುದೇನಿಲ್ಲ.

ಮೊದಲು ಮುಂಡದ ಕಥೆ. ಪೆಟ್ಟಿಗೆ ಬಿಚ್ಚಿದ ದಿನ ತರಗತಿಯಲ್ಲಿ ಹಬ್ಬದ ಗಲಾಟೆ. ಹೃದಯ ಕೈಗೆ ಬರುತ್ತೆ, ಶ್ವಾಸಕೋಶ ಕೈಗೆ ಬರುತ್ತೆ, ಜಠರ ತೆಗೆದರೆ ಅದರ ಹಿಂದೆ ಇನ್ನೇನೋ ಕಾಣುತ್ತೆ. ತೆಗೆಯುವುದು ಐದು ನಿಮಿಷದ ಕೆಲಸ. ತೊಂದರೆ ಶುರುವಾದದ್ದು ವಾಪಸ್ ಜೋಡಿಸುವಾಗ.

ಪ್ರತಿ ಅಂಗದ ಹಿಂದೆ ಸಣ್ಣ ಮೊಳೆಯಂಥ ಗೂಟ, ಅದು ಕೂರಲು ಗೋಡೆಯಲ್ಲಿ ತೂತು. ಜೋಡಿಸಲು ಒಂದೇ ಕ್ರಮ. ಮೊದಲು ಕರುಳು, ಆಮೇಲೆ ಜಠರ, ಅದರ ಮೇಲೆ ಲಿವರ್, ನಂತರ ಹೃದಯ ಮತ್ತು ಶ್ವಾಸಕೋಶ, ಕೊನೆಗೆ ಎದೆಯ ಮುಚ್ಚಳ. ಲಿವರ್ ಕೂದಲೆಳೆಯಷ್ಟು ಮುಂದೆ ಬಂದಿದ್ದರೂ ಮುಚ್ಚಳ ಕೂರುವುದಿಲ್ಲ. ಮುಚ್ಚಳ ಒತ್ತಿದರೆ ಜಠರ ಉದುರುತ್ತದೆ. ಜಠರ ಹಾಕಲು ಲಿವರ್ ತೆಗೆಯಬೇಕು. ಲಿವರ್ ತೆಗೆದಾಗ ಹೃದಯ ಬೆಂಚಿನ ಕೆಳಗೆ ಉರುಳುತ್ತದೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಹದಿನೈದು ನಿಮಿಷ ಇದೇ ಸರ್ಕಸ್ಸು. ಗಂಟೆ ಹೊಡೆದಾಗ ಒಬ್ಬ ಹುಡುಗ ಅವಸರದಲ್ಲಿ ಲಿವರನ್ನು ಒತ್ತಿದ, ಗೂಟ ಟಕ್ ಎಂದಿತು. ಅಂಟು ಹಾಕಿದೆ. ಎರಡು ವಾರ ನಿಂತಿತು. ಮತ್ತೆ ಟಕ್.

ಮುರಿದದ್ದಕ್ಕೆ ಅಷ್ಟು ಬೇಜಾರಿಲ್ಲ. ಮಕ್ಕಳು ಅದನ್ನು ಕಲಿತ ರೀತಿ ಬೇಜಾರು ತಂದಿತು. ತುಂಡುಗಳ ಮೇಲೆ ನಂಬರ್ ಇತ್ತು. ಒಂದು ವಾರದಲ್ಲಿ ಎಲ್ಲರೂ ಕಣ್ಣುಮುಚ್ಚಿ ಜೋಡಿಸುವಷ್ಟು ಜಾಣರಾದರು. ನನಗೂ ಖುಷಿಯಾಯಿತು. ಆಗ ಹಿಂದಿನ ಬೆಂಚಿನ ಹುಡುಗಿ ಜಠರ ಮತ್ತು ಕರುಳನ್ನು ಎರಡು ಕೈಯಲ್ಲಿ ಹಿಡಿದು ಕೇಳಿದಳು: "ಮಿಸ್, ಇದರಿಂದ ಇದಕ್ಕೆ ಊಟ ಹೇಗೆ ಹಾರುತ್ತೆ?"

ನೋಡಿದರೆ ಅವಳ ಮಾತು ನಿಜ. ಜಠರದ ತುಂಡು ಒಂದು ಕಡೆ ಮೊಂಡಾಗಿ ಮುಗಿಯುತ್ತದೆ. ಕರುಳಿನ ಮುದ್ದೆ ಅದರ ಪಾಡಿಗೆ ಕೆಳಗೆ ಕೂತಿದೆ. ನಡುವೆ ಬೆರಳು ತೂರುವಷ್ಟು ಸಂದು. ಲಿವರಿನಿಂದ ಪಿತ್ತರಸ ಇಳಿಯುವ ನಾಳವಂತೂ ಬರೀ ಬಣ್ಣದಲ್ಲಿ ಬರೆದ ಗೆರೆ. ಅಂಗ ಯಾವುದು, ಎಲ್ಲಿದೆ ಎಂಬುದನ್ನು ಮುಂಡ ಚೆನ್ನಾಗಿ ಹೇಳಿಕೊಟ್ಟಿತ್ತು. ಆದರೆ ಪಾಠದ ಹೆಸರು ಅಂಗವ್ಯೂಹ. ಒಂದರ ಕೆಲಸ ಮುಗಿದಲ್ಲಿ ಇನ್ನೊಂದರ ಕೆಲಸ ಶುರುವಾಗುವುದು, ಒಂದು ನಿಂತರೆ ಇನ್ನೊಂದು ಪರದಾಡುವುದು, ಅದೇ ತಾನೇ ವ್ಯೂಹ? ಬಿಡಿಬಿಡಿಯಾಗಿ ಕಳಚಿ ಬರುವ ಸಾಮಾನಿನಲ್ಲಿ ಅದನ್ನು ಎಲ್ಲಿಂದ ತೋರಿಸಲಿ?

ಅವತ್ತು ಸಂಜೆ ಹಗ್ಗ ಹುಡುಕಿದೆ.

ಮೂರು ಬಣ್ಣದ ಹಗ್ಗ. ಅನ್ನನಾಳಕ್ಕೆ 25 ಸೆಂಟಿಮೀಟರ್, ಸಣ್ಣ ಕರುಳಿಗೆ 6 ಮೀಟರ್, ದೊಡ್ಡ ಕರುಳಿಗೆ ಒಂದೂವರೆ ಮೀಟರ್. ಅನ್ನನಾಳಕ್ಕೂ ಸಣ್ಣ ಕರುಳಿಗೂ ನಡುವೆ ಜಠರವಾಗಿ ಒಂದು ಬಟ್ಟೆಯ ಚೀಲ. ಎಲ್ಲ ಒಂದಕ್ಕೊಂದು ಗಂಟು ಹಾಕಿ ಮಕ್ಕಳ ಕೈಗೆ ಕೊಟ್ಟೆ. ಸಾಲು ಬಾಗಿಲು ದಾಟಿ ಹೊರಗೆ ಹೋಯಿತು! ಒಬ್ಬ ತುತ್ತಾಗಿ ಹಗ್ಗದ ಪಕ್ಕ ನಡೆದ. ಗಂಟಲಿನಿಂದ ಜಠರಕ್ಕೆ ಕೆಲವೇ ಸೆಕೆಂಡು. ಜಠರದಲ್ಲಿ ಎರಡರಿಂದ ನಾಲ್ಕು ಗಂಟೆ ಕಾಯಬೇಕೆಂದಾಗ ಅವನು ಅಲ್ಲೇ ಕೂತುಬಿಟ್ಟ. ಸಣ್ಣ ಕರುಳಿನ ಶುರುವಿನಲ್ಲೇ ಇಬ್ಬರು ನಿಂತಿದ್ದರು. ಒಬ್ಬಳು ಲಿವರ್, ಪಿತ್ತರಸ ಕೊಡುವವಳು. ಇನ್ನೊಬ್ಬ ಮೇದೋಜ್ಜೀರಕ ಗ್ರಂಥಿ. ಊಟ ಇವರ ಒಳಗೆ ಹೋಗುವುದೇ ಇಲ್ಲ, ಇವರು ರಸ ಮಾತ್ರ ಕೊಡುತ್ತಾರೆ. ಮುಂಡದಲ್ಲಿ ಎರಡು ವಾರ ಹೇಳಿದರೂ ಹೋಗದ ಮಾತು ಹತ್ತು ನಿಮಿಷದಲ್ಲಿ ತಲೆಗೆ ಹೋಯಿತು.

ಒಂದು ಎಚ್ಚರಿಕೆ ಮಾತ್ರ ಇದೆ. 6 ಮೀಟರ್ ಎಂಬ ಲೆಕ್ಕ ಹೆಚ್ಚಾಗಿ ಸತ್ತ ದೇಹದಲ್ಲಿ ಅಳೆದದ್ದು. ಜೀವ ಇರುವಾಗ ಕರುಳಿನ ಸ್ನಾಯು ಬಿಗಿ ಹಿಡಿದಿರುವುದರಿಂದ ಉದ್ದ ಅದಕ್ಕಿಂತ ಕಡಿಮೆ. ಇದನ್ನು ಹೇಳಿದರೆ ಮಕ್ಕಳು ಗೊಂದಲಪಡುತ್ತಾರೆ ಅಂದುಕೊಂಡಿದ್ದೆ. ಗೊಂದಲವೇನೂ ಆಗಲಿಲ್ಲ, ಹಗ್ಗವನ್ನು ಎಳೆದು ಸಡಿಲಿಸಿ ಆಟ ಆಡಿದರು ಅಷ್ಟೇ.

ಬಾಟಲಿ ಬಲೂನಿನ ಶ್ವಾಸಕೋಶ ಎಲ್ಲರೂ ಮಾಡಿಸುವಂಥದ್ದು, ಮಾಡುವ ವಿಧಾನ ವಿವರವಾಗಿ ಹೇಳುವುದಿಲ್ಲ: ತಳ ಕತ್ತರಿಸಿದ ಬಾಟಲಿ, ಮುಚ್ಚಳದಿಂದ ಒಳಗಿಳಿದ ಕೊಳವೆಯ ತುದಿಗೆ ಬಲೂನು, ತಳಕ್ಕೆ ರಬ್ಬರ್ ಹಾಳೆ, ಅಷ್ಟೇ. ಅದು ಕೆಡುವ ವಿಧಾನ ಹೇಳುತ್ತೇನೆ. ನಾನು ಮೂರು ಸಲ ಕೆಡಿಸಿದ್ದೇನೆ. ಮೊದಲ ಸಲ ಮುಚ್ಚಳದ ತೂತಿನಲ್ಲಿ ಕೊಳವೆಯ ಸುತ್ತ ಗಾಳಿ ಸೋರಿತು, ಬಲೂನು ಅಲ್ಲಾಡಲಿಲ್ಲ. ಎರಡನೇ ಸಲ ಕೊಳವೆಯ ಸುತ್ತ ಜೇಡಿಮಣ್ಣು ಮೆತ್ತಿದೆ. ಒಣಗಿ ಬಿರುಕು ಬಿಟ್ಟಿತು. ಮೂರನೇ ಸಲ ಸೋರಿಕೆ ಇಲ್ಲ, ಆದರೂ ಬಲೂನು ಅರೆಮನಸ್ಸಿನಲ್ಲಿ ಉಬ್ಬಿತು. ಕಾರಣ ಬಾಟಲಿಯೇ. ತೆಳು ಬಾಟಲಿ ತೆಗೆದುಕೊಂಡಿದ್ದೆ. ಕೆಳಗಿನ ರಬ್ಬರ್ ಹಾಳೆ ಎಳೆದರೆ ಬಾಟಲಿಯ ಗೋಡೆಯೇ ಒಳಕ್ಕೆ ಕುಸಿಯುತ್ತಿತ್ತು. ನಮ್ಮ ಎದೆ ಮಾಡುವುದಕ್ಕೆ ಪೂರ್ತಿ ಉಲ್ಟಾ! ಉಸಿರು ಎಳೆದಾಗ ಪಕ್ಕೆಲುಬು ಮೇಲಕ್ಕೂ ಹೊರಕ್ಕೂ ಹೋಗುತ್ತದೆ. ಹಾಗಾಗಿ ಗಟ್ಟಿ ಬಾಟಲಿಯನ್ನೇ ಹುಡುಕಿ. ಕೊಳವೆಯ ಸುತ್ತ ಅಂಟುಮೇಣ ಹಾಕಿ.

ಇಷ್ಟು ಒದ್ದಾಡಿದ್ದಕ್ಕೆ ಸಿಕ್ಕಿದ್ದೇನು? ಗಾಳಿ ಒಳಗೆ ಬರುವುದರಿಂದ ಎದೆ ಉಬ್ಬುತ್ತದೆ ಎಂದು ನನ್ನ ತರಗತಿಯ ಹೆಚ್ಚುಕಮ್ಮಿ ಎಲ್ಲರೂ ನಂಬಿದ್ದರು. ದೊಡ್ಡವರಲ್ಲೂ ಬಹಳ ಜನ ಹಾಗೇ ಅಂದುಕೊಂಡಿರುತ್ತಾರೆ. ಬಾಟಲಿಯಲ್ಲಿ ಯಾರೂ ಊದುವುದಿಲ್ಲ. ಕೆಳಗಿನ ಹಾಳೆ ಇಳಿದಾಗ ಜಾಗ ಹೆಚ್ಚುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಆಮೇಲೆ ಗಾಳಿ ತಾನಾಗಿ ನುಗ್ಗುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಹಾಳೆ, ವಪೆಯ ಕೆಲಸ ಇದು. ಮುಂಡದಲ್ಲಿ ವಪೆ ಒಂದು ಕಂದು ಬಣ್ಣದ ಅಂಚು, ಅಷ್ಟೇ.

ಬಾಟಲಿಯಲ್ಲೂ ಸುಳ್ಳಿದೆ. ಬಲೂನಿನ ಸುತ್ತ ಖಾಲಿ ಜಾಗ ಕಾಣುತ್ತದೆ. ನಿಜವಾದ ಶ್ವಾಸಕೋಶ ಎದೆಗೂಡಿನ ಗೋಡೆಗೆ ತಾಗಿಕೊಂಡೇ ಇರುತ್ತದೆ, ನಡುವೆ ತೆಳುವಾಗಿ ದ್ರವದ ಪದರ ಮಾತ್ರ. ಎಳೆದಾಗ ರಬ್ಬರ್ ಹಾಳೆ ಕೆಳಕ್ಕೆ ಉಬ್ಬುತ್ತದೆ, ವಪೆಯಾದರೋ ಗುಮ್ಮಟದಂತಿದ್ದದ್ದು ಚಪ್ಪಟೆಯಾಗುತ್ತದೆ. ಬಲೂನು ಪೂರ್ತಿ ಮುದುಡಿಕೊಳ್ಳುತ್ತದೆ, ನಮ್ಮ ಶ್ವಾಸಕೋಶ ಎಷ್ಟು ಜೋರಾಗಿ ಉಸಿರು ಬಿಟ್ಟರೂ ಖಾಲಿಯಾಗುವುದಿಲ್ಲ. ದೊಡ್ಡವರಲ್ಲಿ ಸುಮಾರು ಒಂದು ಲೀಟರಿಗಿಂತ ಜಾಸ್ತಿ ಗಾಳಿ ಉಳಿದೇ ಇರುತ್ತದೆ. ಈ ಸುಳ್ಳುಗಳನ್ನು ಹುಡುಕುವುದನ್ನೇ ಮಕ್ಕಳಿಗೆ ಮನೆಕೆಲಸ ಕೊಟ್ಟೆ. ಆ ಮನೆಕೆಲಸಕ್ಕೆ ಯಾರೂ ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯಲಿಲ್ಲ, ಅದೇ ದೊಡ್ಡ ಸುದ್ದಿ.

ಚಾರ್ಟಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಅಗ್ಗ, ಮುರಿಯುವುದಿಲ್ಲ, ಪೀರಿಯಡ್ ಮುಗಿದ ಮೇಲೂ ಗೋಡೆಯ ಮೇಲೇ ಇರುತ್ತದೆ. ಆದರೆ ಅದರ ನೀಲಿ ಬಣ್ಣದಿಂದಾಗಿ ನಾನು ಪ್ರತಿ ವರ್ಷ ಅದೇ ಮಾತು ಹೇಳಬೇಕು: ದೇಹದಲ್ಲಿ ನೀಲಿ ರಕ್ತ ಇಲ್ಲ, ಆಮ್ಲಜನಕ ಕಮ್ಮಿಯಾದ ರಕ್ತ ಗಾಢ ಕೆಂಪು. ಇನ್ನೊಂದು, ಚಿತ್ರದ ಮನುಷ್ಯ ನಮ್ಮ ಕಡೆ ಮುಖ ಮಾಡಿರುತ್ತಾನೆ. ಅವನ ಎಡ ನಮಗೆ ಬಲ. ಪರೀಕ್ಷೆಯಲ್ಲಿ ಹೃದಯದ ಎಡ ಬಲ ತಪ್ಪುವುದು ಬಹುಪಾಲು ಇದರಿಂದಲೇ.

ಆ್ಯಪ್ ಮೇಲೆ ನನಗೆ ಆಸೆ ಇತ್ತು. ಚರ್ಮ ತೆಗೆ, ಸ್ನಾಯು ತೆಗೆ, ಮೂಳೆ ತೆಗೆ, ಬರೀ ನರವ್ಯೂಹ ಉಳಿಸು. ಬೆನ್ನುಹುರಿಯಿಂದ ಕಾಲಿನ ಬೆರಳವರೆಗೆ ಎಳೆ ಎಳೆಯಾಗಿ ಇಳಿದದ್ದು ನೋಡಿದಾಗ ನನಗೇ ಮೈ ಜುಮ್ ಎಂದಿತು. ನರವ್ಯೂಹಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ, ಒಪ್ಪುತ್ತೇನೆ. ಮನೆಯಲ್ಲಿ ಒಂದೇ ಮಗು ಕೂತು ನೋಡುವುದಾದರೆ ಸುಮ್ನೆ ಇದನ್ನೇ ಹಾಕಿಕೊಳ್ಳಿ.

ತರಗತಿಯಲ್ಲಿ ಮಾತ್ರ ಒಂದು ಬೆರಳು ತಿರುಗಿಸುತ್ತೆ, ಉಳಿದವರು ಇಣುಕುತ್ತಾರೆ. ಬಿಟ್ಟಿ ಸಿಗುವುದು ಅಸ್ಥಿಪಂಜರ ಮಾತ್ರ, ಹೃದಯದ ಬಡಿತ ನೋಡಲು ದುಡ್ಡು ಕಟ್ಟಿ ಅನ್ನುತ್ತೆ. ಎದೆಯೊಳಗೆ ಬಿಟ್ಟಿಯಾಗಿ ಬಡಿಯುತ್ತಿರುವುದಕ್ಕೆ!

ಅದಕ್ಕೇ ರಬ್ಬರ್ ಕೊಳವೆ. ಎರಡು ಅಡಿ ಕೊಳವೆಯ ತುದಿಗೆ ಆಲಿಕೆ ಸಿಕ್ಕಿಸಿದರೆ ಸ್ಟೆತಾಸ್ಕೋಪ್ ಸಿದ್ಧ. ಲೆನೆಕ್ ಎಂಬ ಫ್ರೆಂಚ್ ವೈದ್ಯ 1816ರಲ್ಲಿ ಮೊದಲು ಬಳಸಿದ್ದು ಇದಕ್ಕಿಂತ ಸರಳ, ಸುರುಳಿ ಸುತ್ತಿದ ಕಾಗದ. ಯುವತಿಯೊಬ್ಬಳ ಎದೆಗೆ ನೇರವಾಗಿ ಕಿವಿ ಇಡಲು ಸಂಕೋಚವಾಗಿ ಹೊಳೆದ ಉಪಾಯವದು. ನಮ್ಮ ತರಗತಿಯಲ್ಲಿ ಸಂಕೋಚ ಇರಲಿಲ್ಲ, ಗಲಾಟೆ ಇತ್ತು. "ಶ್!" ಎಂದು ನಾನು ಹೇಳಬೇಕಾಗಲೇ ಇಲ್ಲ, ಕೇಳಿಸಲ್ಲ ಅಂತ ಅವರೇ ಒಬ್ಬರನ್ನೊಬ್ಬರು ಸುಮ್ಮನಿರಿಸಿದರು. ಲಬ್, ಡಬ್. ಅದು ಕವಾಟಗಳು ಮುಚ್ಚಿಕೊಳ್ಳುವ ಸದ್ದು.

ನಾಡಿ ಎಣಿಸಿದ ಮೇಲೆ ಲೆಕ್ಕಕ್ಕೆ ಕೂತೆವು. ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಿಮಿಷಕ್ಕೆ 70 ಬಡಿತ ಎಂದರೆ 4,900 ಮಿಲಿಲೀಟರ್. ಮೈಯಲ್ಲಿರುವ ಒಟ್ಟು ರಕ್ತವೇ ಹೆಚ್ಚುಕಮ್ಮಿ 5 ಲೀಟರ್. ಬೋರ್ಡಿನ ಮೇಲೆ ಎರಡೂ ಸಂಖ್ಯೆ ಅಕ್ಕಪಕ್ಕ ಇದ್ದವು. ಅದೇ ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಹಾಗಾದ್ರೆ ಅದೇ ರಕ್ತ ವಾಪಸ್ ಬರ್ತಾ ಇರ್ಬೇಕು, ಅಲ್ವಾ ಮಿಸ್?"

ಇಂಗ್ಲಿಷ್ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಇದೇ ತರಹದ ಲೆಕ್ಕ ಇದೆ. ಅಲ್ಲಿಯವರೆಗೆ ಲಿವರಿನಲ್ಲಿ ರಕ್ತ ಹುಟ್ಟಿ ಮೈಯಲ್ಲಿ ಖರ್ಚಾಗಿ ಹೋಗುತ್ತದೆ ಎಂದೇ ವೈದ್ಯರು ನಂಬಿದ್ದರು. ಅಷ್ಟು ರಕ್ತ ನಿಮಿಷ ನಿಮಿಷಕ್ಕೂ ಹೊಸದಾಗಿ ಹುಟ್ಟಲು ಹೇಗೆ ಸಾಧ್ಯ ಎಂದು ಆತ ಕೇಳಿದ. ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಿಂದ ವಾಪಸ್ ತರುವ ಅಭಿಧಮನಿಗೆ ರಕ್ತ ದಾಟುವ ಅತಿ ಸಣ್ಣ ಲೋಮನಾಳಗಳನ್ನು ಮಾತ್ರ ಆತ ನೋಡಲಿಲ್ಲ. 1661ರಲ್ಲಿ ಇಟಲಿಯ ವೈದ್ಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಅವನ್ನು ಸೂಕ್ಷ್ಮದರ್ಶಕದಲ್ಲಿ ಕಂಡಾಗ ಹಾರ್ವೆ ತೀರಿಹೋಗಿ ನಾಲ್ಕು ವರ್ಷವಾಗಿತ್ತು.

ಪ್ರತಿಕ್ರಿಯೆಯ ವೇಗ ನೋಡಲು ಸ್ಕೇಲು ಸಾಕು. ಒಬ್ಬರು ಮೇಲಿಂದ ಬಿಟ್ಟ ಸ್ಕೇಲನ್ನು ಇನ್ನೊಬ್ಬರು 20 ಸೆಂಟಿಮೀಟರ್ ಜಾರಿದಾಗ ಹಿಡಿದರೆ, ಪ್ರತಿಕ್ರಿಯೆಗೆ ಬೇಕಾದದ್ದು ಸುಮಾರು 0.2 ಸೆಕೆಂಡು.

ಕಿಡ್ನಿಯಲ್ಲಿ ಎಲ್ಲ ಸಾಮಾನೂ ಸೋತವು, ನನ್ನದೂ ಸೇರಿ. ಶೋಧಕ ಕಾಗದದಲ್ಲಿ ಮರಳು ನೀರು ಸೋಸಿದೆ. ಅದರಿಂದ ತಪ್ಪೇ ತಲೆಗೆ ಹೋಯಿತು, ಕಸ ಮೇಲೆ ಉಳಿಯುತ್ತೆ ಅಂತ. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಬಹುತೇಕ ಎಲ್ಲವನ್ನೂ ಮತ್ತೆ ಹೀರಿಕೊಳ್ಳುತ್ತದೆ. ಹೊರಗೆ ಹೋಗುವ ಮೂತ್ರ ಒಂದೆರಡು ಲೀಟರ್. ಕೊನೆಗೆ ಕೈಗೆ ಬಂದದ್ದು ಒಬ್ಬನ ಸ್ಕೂಲ್ ಬ್ಯಾಗು. ಪೂರ್ತಿ ಮೇಜಿನ ಮೇಲೆ ಸುರಿದೆವು. ಬೇಕಾದ್ದನ್ನು ಅವನು ಒಂದೊಂದಾಗಿ ಒಳಗೆ ಹಾಕಿಕೊಂಡ. ಮೇಜಿನ ಮೇಲೆ ಪೆನ್ಸಿಲ್ ಹೊಟ್ಟು, ಚಾಕಲೇಟ್ ಕಾಗದ ಉಳಿಯಿತು. "ಅದೇ ಮೂತ್ರ" ಎಂದೆ. ಆ ಹುಡುಗನ ಹತ್ತಿರ ಆಮೇಲೆ ಒಂದು ವಾರ ಯಾರೂ ಚಾಕಲೇಟ್ ತೆಗೆದುಕೊಳ್ಳಲಿಲ್ಲ.

ಯಾವುದು ಕೊಳ್ಳಬೇಕು ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು, ಹಿಂದಿನ ರಾತ್ರಿ ಕೂತು ಅಂಟು ಮೆತ್ತುವ ಅಭ್ಯಾಸ ನಿಮಗಿದೆಯಾ ಎಂದು. ನನಗಿದೆ. ಗಲೀಜಾದರೆ ಕಿರಿಕಿರಿ ಆಗುವುದಿಲ್ಲ, ಕೆಟ್ಟರೆ ನಗು ಬರುತ್ತದೆ. ದಿನಕ್ಕೆ ಐದು ವಿಭಾಗಗಳಿಗೆ ಒಂದೇ ಪಾಠ ಮಾಡುವವರಿಗೆ ಇದು ಕಷ್ಟ. ಅವರಿಗೆ ಚಾರ್ಟು, ಜೊತೆಗೆ ಹಗ್ಗ ಸಾಕು. ಹಗ್ಗ ಕೆಡುವುದಿಲ್ಲ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ನಿಜವಾದ ಸ್ಟೆತಾಸ್ಕೋಪ್ ಒಂದು ತರಿಸಿ. ಆಲಿಕೆಗಿಂತ ಎಷ್ಟೋ ಚೆನ್ನಾಗಿ ಕೇಳಿಸುತ್ತೆ, ಕಿವಿಗೆ ಇಡುವ ಭಾಗ ಪ್ರತಿ ಸಲ ಒರೆಸಿದರಾಯಿತು. ಮುಂಡವನ್ನು ಬೇರೆ ಯಾರಾದರೂ ಕೊಡಿಸಿದರೆ ಬೇಡ ಅನ್ನಬೇಡಿ. ನಿಮ್ಮ ದುಡ್ಡಾದರೆ ಕೊನೆಗೆ ನೋಡಿಕೊಳ್ಳಿ.

ನನ್ನ ಮುಂಡ ವರ್ಷಕ್ಕೊಮ್ಮೆ ಬೀರುವಿನಿಂದ ಇಳಿಯುತ್ತದೆ. ಕಿಡ್ನಿ ಎಲ್ಲಿದೆ ಎಂದು ಕೇಳಿದರೆ ಮಕ್ಕಳು ಹೊಟ್ಟೆಯ ಮೇಲೆ ಕೈ ಇಡುತ್ತಾರೆ. ಕರುಳು ತೆಗೆದು ಹಿಂಬದಿಯ ಗೋಡೆ ತೋರಿಸಿದಾಗ ಆ ಕೈ ಬೆನ್ನಿಗೆ ಹೋಗುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು, ಮತ್ತೆ ಮೇಲಕ್ಕೆ. ಲಿವರನ್ನು ಉತ್ತರ ಪತ್ರಿಕೆಗಳ ಮೇಲೆ ಭಾರಕ್ಕೆ ಇಟ್ಟು ನೋಡಿದೆ. ದೇಹದಲ್ಲಿ ಒಂದೂವರೆ ಕೆಜಿ ತೂಗುವ ಅಂಗ, ಫ್ಯಾನ್ ಹಾಕಿದ ತಕ್ಷಣ ಪೇಪರಿನ ಜೊತೆ ಅದೂ ಜಾರಿ ಬಿತ್ತು. ಅದಕ್ಕೇ ಡ್ರಾಯರಿನಲ್ಲಿದೆ.