ಹಟಮಾರಿ ನಾಯಿಯನ್ನು ‘15 ದಿನದ ಟ್ರೈನಿಂಗ್’ಗೆ ಬಿಡುವ ಮುನ್ನ

ಹದಿನಾಲ್ಕು ತಿಂಗಳ ಬೀಗಲ್. ಮನೆಯೊಳಗೆ ಚಿನ್ನದಂಥ ನಾಯಿ. ಬಯಲಿನಲ್ಲಿ ಮೂಗು ನೆಲಕ್ಕೆ ತಾಗಿತೆಂದರೆ ಮುಗಿಯಿತು, ಎಷ್ಟು ಕೂಗಿದರೂ ಕಿವಿ ಕೂಡ ಅಲ್ಲಾಡದು. ಬೇಸತ್ತ ಮನೆಯವರು, ‘15 ದಿನದಲ್ಲಿ ದಾರಿಗೆ ತರುತ್ತೇನೆ’ ಎಂದ ಟ್ರೈನರ್ ಒಬ್ಬರ ಬಳಿ ಬಿಟ್ಟುಬಂದರು. ವಾಪಸ್ ಬಂದಾಗ ನಾಯಿಯ ಕುತ್ತಿಗೆಯಲ್ಲಿ ಶಾಕ್ ಕಾಲರ್, ಮನೆಯವರ ಕೈಯಲ್ಲಿ ರಿಮೋಟ್. ಕರೆದ ತಕ್ಷಣ ಬರುತ್ತಿತ್ತು. ಎಲ್ಲರಿಗೂ ಖುಷಿ.

ಬರುತ್ತಿದ್ದ ರೀತಿಯನ್ನು ಮಾತ್ರ ಯಾರೂ ಸರಿಯಾಗಿ ನೋಡಲಿಲ್ಲ. ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಗ್ಗಿ, ಬಾಲ ಕಾಲಸಂದಿಗೆ ಸೇರಿಸಿ, ಎರಡು ಹೆಜ್ಜೆಗೊಮ್ಮೆ ಮೂಗು ನೆಕ್ಕಿಕೊಳ್ಳುತ್ತಾ, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಬರುತ್ತಿತ್ತು. ಮೂರನೇ ವಾರ, ಸೈಕಲ್ ನಿಲ್ಲಿಸಿ ತಲೆ ಸವರಲು ಬಾಗಿದ ಪಕ್ಕದ ಮನೆ ಹುಡುಗನ ಮುಂಗೈ ಕಚ್ಚಿತು. ಗುರ್ ಎನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ‘ಸುಮ್ಮನೆ ನಿಂತಿತ್ತು, ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು’ ಅಂದರು ಎಲ್ಲರೂ.

ಇದ್ದಕ್ಕಿದ್ದ ಹಾಗೆ ಏನೂ ಆಗಿರಲಿಲ್ಲ. ಟ್ರೈನಿಂಗ್‌ನಲ್ಲಿ ಗುರ್ ಎಂದಾಗಲೆಲ್ಲ ಶಾಕ್ ಬಿದ್ದಿತ್ತು. ಗುರುಗುಟ್ಟುವುದು ‘ಹತ್ತಿರ ಬರಬೇಡ’ ಎಂದು ನಾಯಿ ಹೇಳುವ ಮಾತು. ಅದಕ್ಕೆ ಶಿಕ್ಷೆ ಕೊಟ್ಟರೆ ಹೆದರಿಕೆ ಹಾಗೇ ಉಳಿದು ಮಾತು ಮಾತ್ರ ನಿಲ್ಲುತ್ತದೆ. ಇನ್ನು ಸೈಕಲ್: ಮನೆಗೆ ಬಂದ ಮೇಲೆ ರಿಮೋಟ್ ಒತ್ತಿದ್ದೆಲ್ಲ ಹೆಚ್ಚಾಗಿ ನಾಯಿ ಸೈಕಲ್ ನೋಡುತ್ತಾ ನಿಂತಾಗ. ‘ಕರೆದಾಗ ಬರಲಿಲ್ಲ, ಅದಕ್ಕೆ ನೋವಾಯಿತು’ ಎಂಬ ಲೆಕ್ಕ ನಮ್ಮದು. ನೋವಾದ ಗಳಿಗೆಯಲ್ಲಿ ಕಣ್ಣೆದುರು ಏನಿತ್ತೋ, ನಾಯಿ ನೋವನ್ನು ಅದಕ್ಕೇ ಗಂಟು ಹಾಕುವುದು ಹೆಚ್ಚು.

ಇಂಥ ಟ್ರೈನರ್‌ಗಳ ಬಾಯಲ್ಲಿ ಬರುವ ಮೊದಲ ಮಾತು ‘ನೀವು ಆಲ್ಫಾ ಆಗಬೇಕು’, ಅಂದರೆ ಹಿಂಡಿನ ಯಜಮಾನನ ಹಾಗೆ ನಾಯಿಯನ್ನು ಅಡಗಿಸಿ ಇಡಬೇಕು. ಅದರ ಮೂಲ, 1947ರಲ್ಲಿ ಪ್ರಾಣಿವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ, ಬೇಲಿಯೊಳಗೆ ಕೂಡಿಹಾಕಿದ್ದ ತೋಳಗಳ ಅಧ್ಯಯನ. ಆ ಕಲ್ಪನೆಯನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ತೋಳಗಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳದ ಹಿಂಡು ಬಹುತೇಕ ಅಪ್ಪ, ಅಮ್ಮ, ಮರಿಗಳ ಸಂಸಾರ ಎಂದು ಬರೆದು ಅದನ್ನು ತಿದ್ದಿದರು. ಟ್ರೈನರ್‌ಗಳ ಎರಡನೇ ಮಾತು ‘ನೋಡಿ, ಎಷ್ಟು ಶಾಂತವಾಗಿದೆ’. 1967ರಲ್ಲಿ ಮನೋವಿಜ್ಞಾನಿಗಳಾದ ಸೆಲಿಗ್‌ಮನ್ ಮತ್ತು ಮೇಯರ್ ಪ್ರಕಟಿಸಿದ ಪ್ರಯೋಗದಲ್ಲಿ, ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ದಾರಿ ತೆರೆದಿದ್ದರೂ ಬಿದ್ದಲ್ಲೇ ಇದ್ದವು. ಅವೂ ನೋಡಲು ಶಾಂತವಾಗಿಯೇ ಇದ್ದವು! ವೇಲ್ಸ್ ದೇಶ 2010ರಲ್ಲೇ ಶಾಕ್ ಕಾಲರ್ ನಿಷೇಧಿಸಿತು. ಮುಳ್ಳಿನ ಬೆಲ್ಟ್, ಎಳೆದರೆ ಬಿಗಿಯುವ ಚೋಕ್ ಚೈನ್‌ಗಳು ಕಲಿಸುವುದೂ ಇದೇ ನೋವು, ಹೆದರಿಕೆಯ ದಾರಿಯಲ್ಲಿ, ಜೊತೆಗೆ ಕುತ್ತಿಗೆಯ ಪೆಟ್ಟು ಬೇರೆ.

ಹಟ ಎಂಬ ಪದವೇ ದಾರಿ ತಪ್ಪಿಸುತ್ತದೆ. ಬೀಗಲ್ ಅನ್ನು ಮನುಷ್ಯರು ಬೆಳೆಸಿದ್ದೇ ತಲೆ ಎತ್ತದೆ ವಾಸನೆ ಹಿಡಿದು ಹೋಗಲಿ ಎಂದು. ಗ್ರೇಟ್ ಪಿರನೀಸ್ ಎಂಬ ಕಾವಲು ತಳಿ ಮಂದೆಯ ಜೊತೆ ಇದ್ದು, ಯಾರೂ ಹೇಳದೆಯೇ ತಾನೇ ನಿರ್ಧರಿಸಿ ಕಾಯಬೇಕಿತ್ತು. ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ಗುಣವನ್ನು 15 ದಿನದಲ್ಲಿ ಅಳಿಸುತ್ತೇನೆ ಎನ್ನುವವರಿಂದ ದೂರವಿರಿ. ಇನ್ನೊಂದು: ನಿನ್ನೆವರೆಗೆ ಮಾತು ಕೇಳುತ್ತಿದ್ದ ನಾಯಿ ಇವತ್ತು ಕೇಳದಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿಯ ಸೋಂಕು, ಸೊಂಟದ ಕೀಲುನೋವು, ಕಿವುಡು ಇವೆಲ್ಲ ಹಟದ ವೇಷದಲ್ಲೇ ಬರುತ್ತವೆ. ಕೂರು ಎಂದರೆ ಕೂರದ ನಾಯಿಗೆ ಕೂತರೆ ನೋವಾಗುತ್ತಿರಬಹುದು.

ಕರೆದರೆ ಬರುವುದನ್ನು ಕಲಿಸುವುದು ಹೇಗೆಂದರೆ, ನೂರು ಸಲ ಕೂಗಿ ಹಾಳಾದ ಹೆಸರನ್ನೋ ‘ಬಾ’ ಎಂಬ ಪದವನ್ನೋ ಬಿಟ್ಟು, ಹೊಸ ಪದ ಅಥವಾ ಸೀಟಿ ಆರಿಸಿಕೊಳ್ಳಿ. ಮನೆಯೊಳಗೆ, ನಾಯಿ ಪಕ್ಕದಲ್ಲೇ ಇರುವಾಗ ಸೀಟಿ ಊದಿ ಒಂದು ಸೆಕೆಂಡಿನೊಳಗೆ ಬಟಾಣಿ ಕಾಳಿನಷ್ಟು ಟ್ರೀಟ್ ಕೊಡಿ. ನಾಯಿ ಏನೂ ಮಾಡಬೇಕಿಲ್ಲ. ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ಎರಡು ಮೂರು ಸಲ, ನಾಲ್ಕೈದು ದಿನ. ಒಂದೊಂದು ಪಾಠ ಮೂರರಿಂದ ಐದು ನಿಮಿಷ ಸಾಕು. ಇಂಥ ನಾಯಿಗಳಿಗೆ ಬೇಗ ಬೇಜಾರು ಬರುತ್ತದೆ, ಬೇಜಾರಾದ ಮೇಲೆ ಎಳೆದಾಡಿದರೆ ಸೀಟಿಯೂ ಹಾಳು. ಟ್ರೀಟ್ ಮೆತ್ತಗಿರಲಿ, ವಾಸನೆ ಜೋರಾಗಿರಲಿ, ದಿನದ ಕ್ಯಾಲೊರಿಯಲ್ಲಿ ಶೇ. 10 ದಾಟದಿರಲಿ.

ಸೀಟಿ ಕೇಳಿದೊಡನೆ ಕತ್ತು ಗಕ್ಕನೆ ನಿಮ್ಮ ಕಡೆ ತಿರುಗಿದರೆ, ಎರಡು ಮೀಟರ್ ದೂರದಿಂದ ಊದಿ, ಆಮೇಲೆ ಐದು. ಹತ್ತರಲ್ಲಿ ಎಂಟು ಸಲ ಬಂದರೆ ಮುಂದಿನ ಹಂತ. ಐದು ಸಲಕ್ಕೆ ಇಳಿದರೆ ಒಂದು ಹಂತ ಹಿಂದೆ. ದೂರ, ಸುತ್ತಲಿನ ಗದ್ದಲ, ಹೊಸ ಜಾಗ, ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿ. ಹೆಚ್ಚಿನವರು ಕೆಡಿಸುವುದು ಇಲ್ಲೇ: ಹಾಲ್‌ನಲ್ಲಿ ಬಂತಲ್ಲ ಎಂದು ಮರುದಿನವೇ ಪಾರ್ಕಿನಲ್ಲಿ ಬಿಟ್ಟು ಊದುತ್ತಾರೆ.

ಬಯಲಿಗೆ ಹತ್ತು ಮೀಟರಿನ ಉದ್ದ ಹಗ್ಗ ಬೇಕು. ಅದನ್ನು ಹಾರ್ನೆಸ್‌ನ (ಎದೆ, ಬೆನ್ನು ಸುತ್ತುವ ಪಟ್ಟಿಯ) ಬೆನ್ನಿನ ರಿಂಗಿಗೇ ಸಿಕ್ಕಿಸಿ, ಕುತ್ತಿಗೆಯ ಬೆಲ್ಟಿಗೆ ಬೇಡ. ಓಡುವ ನಾಯಿ ಹಗ್ಗದ ಕೊನೆ ಮುಟ್ಟಿದಾಗ ಜಗ್ಗುವ ಭಾರವೆಲ್ಲ ಗಂಟಲಿಗೆ ಬೀಳುತ್ತದೆ, ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಮುರಿಯುತ್ತದೆ. ಗ್ಲೌಸ್ ಹಾಕಿ.

ಊದುವುದು ಒಂದೇ ಸಲ. ಬರಲಿಲ್ಲವೋ, ಮತ್ತೆ ಊದಬೇಡಿ, ಹಗ್ಗ ಎಳೆಯಬೇಡಿ. ನಡೆದುಹೋಗಿ ಮೂಗಿನ ಬಳಿ ಟ್ರೀಟ್ ಹಿಡಿದು ನಾಲ್ಕು ಹೆಜ್ಜೆ ಈಚೆ ಕರೆತನ್ನಿ. ಮುಂದಿನ ಸಲ ಇನ್ನೂ ಹತ್ತಿರದಿಂದ ಊದಿ. ಬಂದಾಗ ಒಂದು ಚೂರು ಕೊಟ್ಟು ಮುಗಿಸದೆ, ನಾಲ್ಕೈದು ಚೂರುಗಳನ್ನು ಒಂದರ ಹಿಂದೊಂದು ಕೊಡಿ; ಕೊಡುತ್ತಲೇ ಇನ್ನೊಂದು ಕೈಯಿಂದ ಹಾರ್ನೆಸ್ ಮುಟ್ಟಿ. ಇಲ್ಲದಿದ್ದರೆ ಟ್ರೀಟ್ ಕಚ್ಚಿಕೊಂಡು ಕೈಗೆ ಸಿಗದೆ ಓಡುವುದನ್ನೇ ಕಲಿಯುತ್ತದೆ. ಆಮೇಲೆ ‘ಹೋಗು’ ಎಂದು ಅದೇ ವಾಸನೆಗೆ ವಾಪಸ್ ಬಿಡಿ. ಬೀಗಲ್‌ಗೆ ನಿಮ್ಮ ಜೇಬಿನಲ್ಲಿರುವ ಯಾವ ಟ್ರೀಟಿಗಿಂತಲೂ ಅದೇ ದೊಡ್ಡ ಸಂಬಳ. ಹತ್ತು ಸಲ ಕರೆದರೆ ಒಂಬತ್ತು ಸಲವಾದರೂ ಹೀಗೆ ಬಿಟ್ಟುಬಿಡಿ. ಮನೆಗೆ ಹೊರಡುವ ಹೊತ್ತಿಗೆ ಮಾತ್ರ ಊದಿದರೆ, ಸೀಟಿ ಎಂದರೆ ಆಟ ಮುಗಿಯಿತು ಎಂದು ವಾರದೊಳಗೆ ಗೊತ್ತಾಗುತ್ತದೆ. ಸ್ನಾನಕ್ಕೆ, ಉಗುರು ಕತ್ತರಿಸಲು ಊದಲೇಬೇಡಿ, ಎದ್ದುಹೋಗಿ ಕರೆತನ್ನಿ.

‘ಟ್ರೀಟ್ ಕಂಡರೆ ಮಾತ್ರ ಬರುತ್ತೆ’ ಎಂಬ ದೂರು ಸಾಮಾನ್ಯ. ತಪ್ಪು ಟ್ರೀಟಿನದಲ್ಲ, ಅದನ್ನು ಮೊದಲೇ ತೋರಿಸಿ ಕರೆದದ್ದರದ್ದು. ನಾಯಿ ಬಂದು ನಿಲ್ಲುವವರೆಗೆ ಕೈ ಜೇಬಿನ ಹತ್ತಿರವೂ ಹೋಗಬಾರದು.

ಟ್ರೈನರ್ ಬೇಕೇ ಬೇಕೆಂದರೆ ಮೂರು ಪ್ರಶ್ನೆ ಕೇಳಿ. ನಾಯಿ ಸರಿ ಮಾಡಿದರೆ ಏನು ಮಾಡುತ್ತೀರಿ? ತಪ್ಪಿದರೆ ಏನು ಮಾಡುತ್ತೀರಿ? ಪ್ರತಿ ಪಾಠದಲ್ಲೂ ನಾನು ಪಕ್ಕದಲ್ಲಿ ಇರಬಹುದೇ? ಎರಡನೆಯದಕ್ಕೆ ‘ಕರೆಕ್ಷನ್’, ‘ಬ್ಯಾಲೆನ್ಸ್’ ಎಂಬ ಉತ್ತರ ಬಂದರೆ, ಅವು ಹೆಚ್ಚಾಗಿ ಶಿಕ್ಷೆಗೆ ಇಟ್ಟ ನಯವಾದ ಹೆಸರು; ಅದರಲ್ಲಿ ಕೈಗೆ ಏನು ಹಿಡಿಯುತ್ತಾರೆ ಎಂದು ಬಿಡಿಸಿ ಕೇಳಿ. ಮೂರನೆಯದಕ್ಕೆ ‘ಇಲ್ಲ’ ಅಂದರೆ ಅಲ್ಲಿಂದಲೇ ನಾಯಿ ಜೊತೆ ಎದ್ದುಬನ್ನಿ.

ಈಗಾಗಲೇ ಶಾಕ್ ಬಿದ್ದಿರುವ ನಾಯಿಯಾದರೆ ಕಾಲರ್ ಇವತ್ತೇ ಬಿಚ್ಚಿ. ಎರಡು ಮೂರು ವಾರ ಯಾವ ಕಮಾಂಡೂ ಬೇಡ. ಜನ ಕಡಿಮೆ ಇರುವ ಕಡೆ ಉದ್ದ ಹಗ್ಗದಲ್ಲಿ ಮೂಗಿನಿಷ್ಟದಂತೆ ಅಡ್ಡಾಡಲಿ. ಗುರ್ ಎಂದರೆ ಬೈಯದೆ ಹಿಂದೆ ಸರಿಯಿರಿ. ಅದು ಮತ್ತೆ ಗುರ್ ಎನ್ನಲು ಶುರುಮಾಡಿತೆಂದರೆ ಒಳ್ಳೆಯ ಸುದ್ದಿ. ಒಮ್ಮೆ ಕಚ್ಚಿರುವ ನಾಯಿಗೆ ಬುಟ್ಟಿಯಾಕಾರದ ಮಜಲ್ (ಕಚ್ಚದಂತೆ ಮೂತಿಗೆ ಹಾಕುವ ಕವಚ) ಅಭ್ಯಾಸ ಮಾಡಿಸಿ. ಬಾಯಿ ತೆರೆದು ಏದುಸಿರು ಬಿಡುವಷ್ಟು, ನೀರು ಕುಡಿಯುವಷ್ಟು ಜಾಗ ಇರಬೇಕು. ಮೊದಲ ವಾರ ಕಟ್ಟದೆ, ಒಳಗೆ ಟ್ರೀಟ್ ಇಟ್ಟು ಮೂತಿ ತಾನೇ ತೂರಿಸಲು ಬಿಡಿ. ಕಚ್ಚಿಸಿಕೊಂಡವರ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ನಾಯಿಗೆ ಲಸಿಕೆ ಆಗಿದ್ದರೂ, ವೈದ್ಯರ ಬಳಿ ಕರೆದೊಯ್ಯಿರಿ.

ಆ ಬೀಗಲ್ ಈಗ ಸೀಟಿಗೆ ಬಾಲ ಮೇಲೆತ್ತಿಕೊಂಡೇ ಓಡಿಬರುತ್ತದೆ. ಹೆಸರು ಕೂಗಿದರೆ ಇನ್ನೂ ಕುಗ್ಗುತ್ತದೆ. ಮನೆಯವರು ಅದಕ್ಕೆ ಬೇರೆ ಹೆಸರಿಟ್ಟಿದ್ದಾರೆ.